ಮೂರೂವರೆ ತಿಂಗಳು ಸೂರ್ಯನೇ ಹುಟ್ಟದ ಕಡೆ ಅಯನೋಸ್ಫಿಯರ್ ಯಾಕೆ ಖಾಲಿ ಆಗಲ್ಲ?

ರೇಡಿಯೋಕಿವಿ:

ಶಾರ್ಟ್‌ವೇವ್ ಕೇಳೋ ಹುಚ್ಚಿನಿಂದ ಶುರುವಾಗಿದ್ದು ಈಗ ಅಯನೋಸೋಂಡ್ (ಮೇಲಕ್ಕೆ ರೇಡಿಯೋ ಸಿಗ್ನಲ್ ಬಿಟ್ಟು ವಾಪಸ್ ಬರೋದನ್ನ ಅಳೆಯೋ ಯಂತ್ರ) ಪ್ಲಾಟ್‌ಗಳನ್ನ ತೆಗೆದು ನೋಡ್ತಾ ಕೂರೋ ಮಟ್ಟಕ್ಕೆ ಬಂದಿದೆ, ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ. ಪುಸ್ತಕದಲ್ಲಿ ಓದಿದ್ದು ಸಿಂಪಲ್ಲಾಗಿತ್ತು. ಹಗಲು ಸೂರ್ಯನ ಅಲ್ಟ್ರಾವಯಲೆಟ್ಟು, ಎಕ್ಸ್‌ರೇ ಬಂದು ಮೇಲಿನ ಗಾಳಿಯಿಂದ ಎಲೆಕ್ಟ್ರಾನ್ ಕಿತ್ತು ಹಾಕತ್ತೆ, ಅದೇ ಅಯನೋಸ್ಫಿಯರ್, ಅದರಲ್ಲಿ ಕೆಳಗಿಂದ ಮೇಲಕ್ಕೆ ಡಿ, ಇ, ಎಫ್1, ಎಫ್2 ಅಂತ ಲೇಯರ್‌ಗಳಾಗತ್ತೆ, ರಾತ್ರಿ ಆದ್ರೆ ಡಿ ಮಾಯ, ಇ ಹೆಚ್ಚುಕಮ್ಮಿ ಮಾಯ, ಎಫ್1 ಎಫ್2 ಸೇರ್ಕೊಂಡು ಒಂದೇ ಎಫ್ ಆಗಿ ಬೆಳಗಿನ ತನಕ ತೆಳ್ಳಗಾಗ್ತಾ ಹೋಗತ್ತೆ. ಲೈಟ್ ಆಫ್ ಮಾಡಿದ ಹಾಗೆ, ಸ್ವಲ್ಪ ನಿಧಾನಕ್ಕೆ ಅಷ್ಟೇ.

ಆದ್ರೆ ನಾರ್ವೆಯ ಉತ್ತರಕ್ಕಿರೋ ಸ್ವಾಲ್‌ಬಾರ್ಡ್ ದ್ವೀಪಗಳ ಕಡೆ ಡಿಸೆಂಬರ್ ತಿಂಗಳ ಡೇಟಾ ನೋಡಿದ್ರೆ ಈ ಲೆಕ್ಕ ಯಾವುದೂ ಕೂತ್ಕೊಳಲ್ಲ. ಅಲ್ಲಿನ ಲಾಂಗ್‌ಯರ್‌ಬೈನ್ ಊರಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮೇಲೆ ಬರೋದು ಫೆಬ್ರವರಿ ಮಧ್ಯಕ್ಕೆ. ಅಷ್ಟು ದಿನ ಬೆಳಕಿಲ್ಲ ಅಂದ್ರೆ ಎಫ್ ಲೇಯರ್ ಅನ್ನೋದು ನವೆಂಬರ್ ಹೊತ್ತಿಗೇ ಸೊನ್ನೆ ಆಗಿರ್ಬೇಕಿತ್ತಲ್ವಾ? ಆಗಿಲ್ಲ. ಇರೋದು ಮಾತ್ರ ಅಲ್ಲ, ಕ್ರಿಟಿಕಲ್ ಫ್ರೀಕ್ವೆನ್ಸಿ (ನೆಟ್ಟಗೆ ಮೇಲೆ ಬಿಟ್ಟಿದ್ದನ್ನ ಲೇಯರ್ ವಾಪಸ್ ಕಳಿಸೋ ಅತಿ ಹೆಚ್ಚಿನ ಫ್ರೀಕ್ವೆನ್ಸಿ, ಲೇಯರ್ ದಟ್ಟ ಇದ್ದಷ್ಟೂ ಜಾಸ್ತಿ) 2–3 ಮೆಗಾಹರ್ಟ್ಸ್‌ನಲ್ಲಿ ಮಲಗಿದ್ದದ್ದು ಇದ್ದಕ್ಕಿದ್ದಂಗೆ 6ಕ್ಕೆ ಎದ್ದು ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಬಿದ್ದೋಗತ್ತೆ. ಸ್ವಲ್ಪ ದಕ್ಷಿಣಕ್ಕೆ ನಾರ್ವೆಯ ಟ್ರೋಮ್ಸೋ ನೋಡಿದ್ರೆ ಇನ್ನೊಂದು ತಮಾಷೆ, ನಡುರಾತ್ರಿ ಹೊತ್ತಿಗೆ ಇ ಲೇಯರ್ ಹಗಲಿಗಿಂತ ದಪ್ಪಗೆ ಕಾಣತ್ತೆ. ಇನ್ನು ಕೆಲವು ರಾತ್ರಿ ಅಯನೋಗ್ರಾಮ್‌ನಲ್ಲಿ, ಅಂದ್ರೆ ಆ ಪ್ಲಾಟ್‌ನಲ್ಲಿ, ಏನೂ ಇರಲ್ಲ, ಪೂರ್ತಿ ಖಾಲಿ ಹಾಳೆ. ಅದು ಲೇಯರೇ ಇಲ್ಲ ಅಂತಾನಾ, ಇಲ್ಲ ಸಿಗ್ನಲ್ ನಡುವೆ ಎಲ್ಲೋ ಸಾಯ್ತಾ ಇದೆಯಾ? ರಾತ್ರಿ ಡಿ ಲೇಯರ್ ಇರಲ್ಲ ಅಂದ್ಮೇಲೆ ಸಾಯೋಕೆ ಕಾರಣ ಏನು?

ಒಂದೊಂದಾಗಿ ಯಾರಾದ್ರೂ ಹೇಳಿದ್ರೂ ಸಾಕು.

ನೆರಳುಗೆರೆ:

ಮೊದಲು "ಸೂರ್ಯ ಇಲ್ಲ" ಅನ್ನೋದನ್ನೇ ಸ್ವಲ್ಪ ವಿಚಾರಿಸ್ಕೊಳೋಣ. ಸೂರ್ಯ ಇಲ್ಲದಿರೋದು ನೆಲದ ಮೇಲೆ ನಿಂತವರಿಗೆ. 300 ಕಿಮೀ ಮೇಲೆ ನಿಂತವರಿಗೆ ಭೂಮಿ ದುಂಡಗಿರೋದ್ರಿಂದ ದಿಗಂತವೇ ಕೆಳಗೆ ಜಾರಿರತ್ತೆ. ಲೆಕ್ಕ ಹಾಕೋದು ಸುಲಭ, ಭೂಮಿಯ ರೇಡಿಯಸ್ 6371 ಕಿಮೀ, ಅದನ್ನ 6671ರಿಂದ ಭಾಗಿಸಿ ಕೊಸೈನ್ ತಿರುಗಿಸಿದ್ರೆ ಸುಮಾರು 17 ಡಿಗ್ರಿ ಬರತ್ತೆ. ಅಂದ್ರೆ ನೆಲದಲ್ಲಿ ಸೂರ್ಯ ದಿಗಂತಕ್ಕಿಂತ 17 ಡಿಗ್ರಿ ಕೆಳಗೆ ಹೋಗೋ ತನಕ 300 ಕಿಮೀನಲ್ಲಿ ಬಿಸಿಲು ಇದ್ದೇ ಇರತ್ತೆ. ಅದೇ 100 ಕಿಮೀಗೆ ಈ ಅಂಕಿ 10 ಡಿಗ್ರಿ ಅಷ್ಟೇ.

ಈಗ ನಿಮ್ಮ ಲಾಂಗ್‌ಯರ್‌ಬೈನ್ ತಗೊಳಿ, ಅಕ್ಷಾಂಶ 78.2. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ 11.6 ಡಿಗ್ರಿ ಕೆಳಗಿರ್ತಾನೆ. ನೆಲದಲ್ಲಿ ನಕ್ಷತ್ರ ಕಾಣೋ ಅಷ್ಟು ಕತ್ತಲು, ಆದ್ರೆ ನೆರಳಿನ ಗೆರೆ ಹಾದು ಹೋಗೋದು ಸುಮಾರು 130 ಕಿಮೀ ಎತ್ತರದಲ್ಲಿ. ಅದರ ಮೇಲಿನದ್ದಕ್ಕೆಲ್ಲಾ ವರ್ಷದ ಅತ್ಯಂತ ಕತ್ತಲೆಯ ದಿನದ ಮಧ್ಯಾಹ್ನವೂ ಓರೆಯಾಗಿ ಬಿಸಿಲು ಬಡೀತಾ ಇರತ್ತೆ! (ನಿಜದಲ್ಲಿ ಕೆಳಗಿನ ಗಾಳಿ ಅಲ್ಟ್ರಾವಯಲೆಟ್ಟನ್ನ ಹೀರ್ಕೊಳೋದ್ರಿಂದ ಗೆರೆ ಇನ್ನೂ ಸ್ವಲ್ಪ ಮೇಲಿರತ್ತೆ, ಆದ್ರೂ ಎಫ್ ಲೇಯರ್‌ಗೆ ಒಂದಿಷ್ಟು ಸಿಗತ್ತೆ.) ಹಾಗಾಗಿ ಅಲ್ಲಿ ಇ ಲೇಯರ್‌ಗೆ ವಾರಗಟ್ಟಲೆ ರಾತ್ರಿ, ಎಫ್ ಲೇಯರ್‌ಗೆ ದಿನಾ ಒಂದು ತೆಳು ಮಧ್ಯಾಹ್ನ. ಇದೇ ಲೆಕ್ಕ ಬೇಸಿಗೆ ಕಡೆ ತಿರುಗಿಸಿ ನೋಡಿ, ಟ್ರೋಮ್ಸೋದಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದ ತನಕ 300 ಕಿಮೀನಲ್ಲಿ ಕತ್ತಲೇ ಆಗಲ್ಲ. ನೆಲದಲ್ಲಿ ರಾತ್ರಿ ಅಂತ ಬರೆದಿರೋ ಎಷ್ಟೋ ಡೇಟಾ ಎಫ್ ಲೇಯರ್ ಲೆಕ್ಕದಲ್ಲಿ ಹಗಲೇ.

ಎರಡನೇದು ಸಾಯೋ ವೇಗ. ಇ ಲೇಯರ್‌ನಲ್ಲಿ ಇರೋದು ನೈಟ್ರಿಕ್ ಆಕ್ಸೈಡ್ ಅಯಾನ್, ಆಕ್ಸಿಜನ್ ಮಾಲಿಕ್ಯೂಲ್ ಅಯಾನ್, ಇವು ಎಲೆಕ್ಟ್ರಾನ್ ಸಿಕ್ಕಿದ ತಕ್ಷಣ ಹಿಡ್ಕೊಂಡು ಎರಡಾಗಿ ಒಡೆದೋಗತ್ತೆ, ನಿಮಿಷಗಳ ಲೆಕ್ಕ. ಎಫ್2ನಲ್ಲಿ ಇರೋದು ಒಂಟಿ ಆಕ್ಸಿಜನ್ ಆಟಮ್ಮಿನ ಅಯಾನ್, ಅದಕ್ಕೆ ನೇರವಾಗಿ ಎಲೆಕ್ಟ್ರಾನ್ ಹಿಡಿಯೋಕೆ ಬರಲ್ಲ ಅಂತಲೇ ಹೇಳ್ಬಹುದು, ಮೊದಲು ಒಂದು ನೈಟ್ರೋಜನ್ ಇಲ್ಲಾ ಆಕ್ಸಿಜನ್ ಮಾಲಿಕ್ಯೂಲ್‌ಗೆ ಡಿಕ್ಕಿ ಹೊಡೆದು ಚಾರ್ಜ್ ದಾಟಿಸಬೇಕು, ಆಮೇಲೆ ಆ ಹೊಸ ಅಯಾನ್ ಸಾಯತ್ತೆ. ಮೇಲೆ ಹೋದಷ್ಟೂ ಮಾಲಿಕ್ಯೂಲ್‌ಗಳೇ ಕಮ್ಮಿ, ಅದಕ್ಕೆ 300 ಕಿಮೀನಲ್ಲಿ ಗಂಟೆಗಟ್ಟಲೆ ಬದುಕತ್ತೆ. ಗಂಟೆಗಟ್ಟಲೆ ಅಂದೆ, ತಿಂಗಳುಗಟ್ಟಲೆ ಅಲ್ಲ. ಡಿಸೆಂಬರ್ ನಡುರಾತ್ರಿ ಅಲ್ಲಿ ಸೂರ್ಯ 35 ಡಿಗ್ರಿ ಕೆಳಗಿರ್ತಾನೆ, ಆಗ ಬಿಸಿಲಿನ ಮಾತೇ ಇಲ್ಲ. ಹಾಗಾಗಿ ನಿಮ್ಮ 6 ಮೆಗಾಹರ್ಟ್ಸ್ ಜಿಗಿತಕ್ಕೆ ನನ್ನ ಲೆಕ್ಕದಲ್ಲಿ ಉತ್ತರ ಇಲ್ಲ, ಅದು ಬೇರೆ ಕಥೆ, ಪ್ಲಾಸ್ಮಾ (ಈ ಅಯಾನ್, ಎಲೆಕ್ಟ್ರಾನ್‌ಗಳ ಮಿಶ್ರಣ) ಕಡೆಯವರು ಬರ್ಲಿ.

ಗಣಿತದಮೇಲೆ:

ಇದಕ್ಕೆ ಇಷ್ಟೆಲ್ಲಾ ಯಾಕೆ? ಮಧ್ಯ ಅಕ್ಷಾಂಶದಲ್ಲಿ ರಾತ್ರಿ ಎಫ್ ಲೇಯರ್ ಉಳಿಯೋದಕ್ಕೆ ಗೊತ್ತಿರೋ ಕಾರಣ ಇದ್ಯಲ್ಲ. ಹಗಲು ಹೊತ್ತು ಪ್ಲಾಸ್ಮಾ ಮ್ಯಾಗ್ನೆಟಿಕ್ ಫೀಲ್ಡ್ ಲೈನ್ ಹಿಡಿದು ಮೇಲೆ ಪ್ಲಾಸ್ಮಾಸ್ಫಿಯರ್ ಅನ್ನೋ ಉಗ್ರಾಣಕ್ಕೆ ಹೋಗಿ ಕೂರತ್ತೆ, ರಾತ್ರಿ ವಾಪಸ್ ಇಳಿಯತ್ತೆ. ಜೊತೆಗೆ ರಾತ್ರಿ ಬೀಸೋ ಮೇಲ್ಗಾಳಿ ಲೇಯರನ್ನ ಫೀಲ್ಡ್ ಲೈನ್ ಉದ್ದಕ್ಕೆ ಮೇಲಕ್ಕೆ ತಳ್ಳತ್ತೆ, ಅಲ್ಲಿ ಮಾಲಿಕ್ಯೂಲ್ ಕಮ್ಮಿ ಇರೋದ್ರಿಂದ ಸಾಯೋದೂ ನಿಧಾನ. ಧ್ರುವದ ಕಡೆಗೂ ಅದೇ ಅನ್ವಯ ಆಗತ್ತಲ್ಲ.

ಪ್ಲಾಸ್ಮಾಪುಟ್ಟ:

@ಗಣಿತದಮೇಲೆ ಗಾಳಿ ವಿಷಯ ಸರಿ. ಪ್ಲಾಸ್ಮಾಸ್ಫಿಯರ್ ವಿಷಯ ಅಲ್ಲಿ ನಡೆಯಲ್ಲ. ಪ್ಲಾಸ್ಮಾಸ್ಫಿಯರ್ ಇರೋದು ಎರಡೂ ತುದಿ ಭೂಮಿಗೆ ಕಟ್ಟಿರೋ ಫೀಲ್ಡ್ ಲೈನ್‌ಗಳ ಒಳಗೆ. ಪೋಲಾರ್ ಕ್ಯಾಪ್, ಅಂದ್ರೆ ಧ್ರುವದ ಸುತ್ತಲಿನ ಪ್ರದೇಶ, ಅಲ್ಲಿನ ಫೀಲ್ಡ್ ಲೈನ್‌ಗಳಿಗೆ ಒಂದು ತುದಿ ಭೂಮಿಲಿ, ಇನ್ನೊಂದು ತುದಿ ಸೌರಮಾರುತದ (ಸೂರ್ಯನಿಂದ ಬೀಸೋ ಕಣಗಳ ಹರಿವು) ಕಡೆಗೆ ತೆರೆದಿದೆ. ಅಲ್ಲಿ ಮೇಲೆ ಏರಿದ್ದು ವಾಪಸ್ ಬರೋ ಉಗ್ರಾಣ ಯಾವುದೂ ಇಲ್ಲ, ಹೈಡ್ರೋಜನ್ ಹೀಲಿಯಂ ಥರದ ಹಗುರ ಅಯಾನ್‌ಗಳು ಏರಿದ್ದೇ ಏರಿದ್ದು, ಹೊರಟೇ ಹೋಗತ್ತೆ. ಪೋಲಾರ್ ವಿಂಡ್ ಅಂತ 1968ರಲ್ಲೇ ಲೆಕ್ಕ ಹಾಕಿ ಹೇಳಿದ್ರು. ಅದನ್ನ ಮೇಲಕ್ಕೆ ಎಳೆಯೋ ಎಲೆಕ್ಟ್ರಿಕ್ ಫೀಲ್ಡನ್ನ ನೇರವಾಗಿ ಅಳೆದಿದ್ದು ತೀರಾ ಈಚೆಗೆ, ನಾಸಾದ ಎಂಡ್ಯೂರೆನ್ಸ್ ರಾಕೆಟ್ 2022ರ ಮೇ ತಿಂಗಳಲ್ಲಿ ಸ್ವಾಲ್‌ಬಾರ್ಡ್‌ನಿಂದಲೇ ಹಾರಿ ಬರೀ 0.55 ವೋಲ್ಟ್ ವ್ಯತ್ಯಾಸ ಅಂತ ಕಂಡುಹಿಡೀತು. ಅರ್ಧ ವೋಲ್ಟ್! ಅಷ್ಟರಲ್ಲೇ ಹೈಡ್ರೋಜನ್ ಅಯಾನ್‌ಗಳು ಭೂಮಿ ಬಿಟ್ಟು ಹೋಗತ್ತೆ. ಅಂದ್ರೆ ಪೋಲಾರ್ ಕ್ಯಾಪ್ ಮೇಲ್ಗಡೆಯಿಂದ ಸೋರೋ ಜಾಗ, ತುಂಬೋ ಜಾಗ ಅಲ್ಲ.

ಹಾಗಾದ್ರೆ @ರೇಡಿಯೋಕಿವಿ ನೋಡಿದ 6 ಮೆಗಾಹರ್ಟ್ಸ್ ಎಲ್ಲಿಂದ ಬಂತು? ಪಕ್ಕದಿಂದ. ಅಡ್ಡಡ್ಡ ಹರಿದು ಬಂತು. ಇಲ್ಲಿ ನಾವೆಲ್ಲಾ ಎಡವೋದು ಒಂದೇ ಕಡೆ, ಅಯನೋಸ್ಫಿಯರ್ ಅಂದ್ರೆ ಆಯಾ ಊರಿನ ಮೇಲೆ ಆಯಾ ಬಿಸಿಲಿಗೆ ಹುಟ್ಟಿ ಅಲ್ಲೇ ಸಾಯೋ ವಸ್ತು ಅಂತ ಅಂದ್ಕೊಳೋದು. ಎತ್ತರದ ಅಕ್ಷಾಂಶದಲ್ಲಿ ಅದು ನಿಂತ ನೀರಲ್ಲ.

ಸೌರಮಾರುತದ ಜೊತೆ ಬರೋ ಮ್ಯಾಗ್ನೆಟಿಕ್ ಫೀಲ್ಡ್ ದಕ್ಷಿಣಕ್ಕೆ ತಿರುಗಿದಾಗ, ಅಂದ್ರೆ ಅದರ ಉತ್ತರ-ದಕ್ಷಿಣ ಅಂಕಿ ಬಿಝಡ್ ಮೈನಸ್ ಆದಾಗ, ಅದು ಹಗಲಿನ ಕಡೆ ಭೂಮಿಯ ಫೀಲ್ಡ್ ಜೊತೆ ಗಂಟು ಹಾಕ್ಕೊಂಡು, ಆ ಲೈನ್‌ಗಳನ್ನ ಧ್ರುವದ ಮೇಲಿಂದ ರಾತ್ರಿ ಕಡೆಗೆ ಎಳ್ಕೊಂಡು ಹೋಗತ್ತೆ. ಜೇಮ್ಸ್ ಡಂಜಿ 1961ರಲ್ಲಿ ಹೇಳಿದ ಚಕ್ರ ಇದು. ಎಫ್ ಲೇಯರ್‌ನ ಪ್ಲಾಸ್ಮಾ ಫೀಲ್ಡ್ ಲೈನ್ ಜೊತೆಗೇ ಹೋಗೋದ್ರಿಂದ ಅದೂ ಮಧ್ಯಾಹ್ನದ ಕಡೆಯಿಂದ ಧ್ರುವ ದಾಟಿ ನಡುರಾತ್ರಿ ಕಡೆಗೆ ಹರಿಯತ್ತೆ, ಆಮೇಲೆ ಸಂಜೆ ಬದಿ ಮತ್ತು ಬೆಳಗಿನ ಬದಿಯಿಂದ, ಸ್ವಲ್ಪ ಕೆಳಗಿನ ಅಕ್ಷಾಂಶದಲ್ಲಿ, ವಾಪಸ್ ಹಗಲಿಗೆ ಬರತ್ತೆ. ಎರಡು ಸುಳಿ. ಹಗಲಿನ ಕಡೆ ಬಿಸಿಲಲ್ಲಿ ಕೂತಿದ್ದ ದಟ್ಟ ಪ್ಲಾಸ್ಮಾ ಇದಕ್ಕೆ ಸಿಕ್ಕಿದ್ರೆ ನಾಲಿಗೆ ಚಾಚಿದ ಹಾಗೆ ಕತ್ತಲೊಳಗೆ ಉದ್ದಕ್ಕೆ ಬರತ್ತೆ, ಅದು ತುಂಡು ತುಂಡಾದ್ರೆ ಪ್ಯಾಚ್ ಅಂತಾರೆ. ಅಗಲ ನೂರರಿಂದ ಸಾವಿರ ಕಿಮೀ, ಸುತ್ತಲಿನದಕ್ಕಿಂತ ಕನಿಷ್ಠ ಎರಡು ಪಟ್ಟು ದಟ್ಟ ಇದ್ರೆ ಮಾತ್ರ ಪ್ಯಾಚ್ ಅನ್ನೋ ರೂಢಿ.

ಈಗ @ನೆರಳುಗೆರೆ ಅವರ ಲೆಕ್ಕದ ಜೊತೆ ಇದನ್ನ ಸೇರಿಸಿ. ಪೋಲಾರ್ ಕ್ಯಾಪ್ ದಾಟೋಕೆ 3500 ಕಿಮೀ ಅಂತ ಇಟ್ಕೊಳಿ, ವೇಗ ಸೆಕೆಂಡಿಗೆ 500 ಮೀಟರ್, 7000 ಸೆಕೆಂಡು, ಎರಡು ಗಂಟೆಗೆ ಸ್ವಲ್ಪ ಕಮ್ಮಿ. ಆಕ್ಸಿಜನ್ ಅಯಾನ್ 300 ಕಿಮೀನಲ್ಲಿ ಅಷ್ಟು ಹೊತ್ತು ಆರಾಮಾಗಿ ಬದುಕತ್ತೆ. ಹಾಗಾಗಿ ಎಫ್ ಲೇಯರ್ ಬಿಸಿಲನ್ನ ಹೊತ್ಕೊಂಡು ಕತ್ತಲೆ ದಾಟಬಲ್ಲದು, ಇ ಲೇಯರ್‌ಗೆ ಅದು ಸಾಧ್ಯವೇ ಇಲ್ಲ, ಅದು ದಾರಿಯಲ್ಲೇ ಮುಗಿದೋಗತ್ತೆ. ನಿಮ್ಮ ಪ್ಲಾಟ್‌ನ ಜಿಗಿತವನ್ನೂ ಲೆಕ್ಕ ಹಾಕಿ ನೋಡಿ, 500 ಕಿಮೀ ಪ್ಯಾಚ್ ಸೆಕೆಂಡಿಗೆ 700 ಮೀಟರ್ ಹೋಗ್ತಿದ್ರೆ ನಿಮ್ಮ ಅಯನೋಸೋಂಡ್ ತಲೆ ಮೇಲೆ ಹಾದು ಹೋಗೋಕೆ 12 ನಿಮಿಷ. ನೀವು ಹೇಳಿದ ಹತ್ತು ಹದಿನೈದು ನಿಮಿಷ ಅದೇ. ಅಲ್ಲಿ ಯಾವುದೂ ಹುಟ್ಟಲೂ ಇಲ್ಲ ಸಾಯಲೂ ಇಲ್ಲ, ಒಂದು ತುಂಡು ಬಂತು, ಹೋಯ್ತು.

ಇದನ್ನ ಕಣ್ಣಲ್ಲೇ ನೋಡಿದ್ದೂ ಇದೆ, ಅಂದ್ರೆ ಕ್ಯಾಮೆರಾ ಕಣ್ಣಲ್ಲಿ. 1980ರ ದಶಕದಲ್ಲಿ ಗ್ರೀನ್‌ಲ್ಯಾಂಡ್‌ನ ಥೂಲೆಯಿಂದ ಆಕಾಶ ಪೂರ್ತಿ ಹಿಡಿಯೋ ಲೆನ್ಸಿಗೆ 630 ನ್ಯಾನೋಮೀಟರ್ ಫಿಲ್ಟರ್ ಹಾಕಿ ಫೋಟೋ ತೆಗೆದಾಗ, ಮಂದ ಕೆಂಪು ಮೋಡಗಳು ಸೂರ್ಯ ಇರೋ ದಿಕ್ಕಿಂದ ಅದಕ್ಕೆ ಎದುರು ದಿಕ್ಕಿಗೆ ಒಂದರ ಹಿಂದೆ ಒಂದು ತೇಲಿ ಹೋಗೋದು ಕಾಣ್ತು, ಅದೇ ಹೊತ್ತಿಗೆ ಅಯನೋಸೋಂಡ್‌ನಲ್ಲಿ ಡೆನ್ಸಿಟಿ ಏರಿಳಿತ. ಅಯಾನ್ ಸಾಯೋವಾಗ ಉಳಿಯೋ ಆಕ್ಸಿಜನ್ ಆಟಮ್ಮು ಆ ಕೆಂಪು ಬೆಳಕು ಬಿಡತ್ತೆ, ಬರಿಗಣ್ಣಿಗೆ ಕಾಣೋ ಅಷ್ಟು ಇರಲ್ಲ.

ಇನ್ನೊಂದು, ಈ ಹರಿವು ಪಾಲು ಹಂಚೋದ್ರಲ್ಲಿ ನ್ಯಾಯ ನೋಡಲ್ಲ. ಕೆಲವು ಜಾಗಕ್ಕೆ ದಟ್ಟ ಪ್ಲಾಸ್ಮಾ ತಂದು ಸುರಿಯತ್ತೆ, ಕೆಲವು ಜಾಗವನ್ನ ಕತ್ತಲಲ್ಲೇ ಸುತ್ತಿಸ್ತಾ ಇರತ್ತೆ. ಚಳಿಗಾಲದಲ್ಲಿ ಪೋಲಾರ್ ಕ್ಯಾಪ್‌ನ ರಾತ್ರಿ ಬದಿಗೆ ಹೀಗೆ ಬರಿದಾದ ಒಂದು ಜಾಗ ಇರತ್ತೆ, ಪೋಲಾರ್ ಹೋಲ್ ಅಂತ. ಅಲ್ಲಿ ನಿಜಕ್ಕೂ @ರೇಡಿಯೋಕಿವಿ ಅಂದ್ಕೊಂಡ ಖಾಲಿತನ ಹತ್ತಿರ ಹತ್ತಿರ ಸಿಗತ್ತೆ.

ಗಣಿತದಮೇಲೆ:

ತೆರೆದ ಫೀಲ್ಡ್ ಲೈನ್ ವಿಷಯ ಒಪ್ಪಿದೆ. ಆದ್ರೆ ಒಂದು ತಕರಾರು. ನೀವು ಹೇಳೋ ಪ್ಲಾಸ್ಮಾ ಅಷ್ಟು ಜೋರಾಗಿ ಓಡ್ತಾ ಇದ್ರೆ, ನಿಂತಿರೋ ಗಾಳಿಗೆ ಉಜ್ಜಿ ಬಿಸಿ ಆಗ್ಬೇಕಲ್ಲ? ಬಿಸಿ ಆದ್ರೆ ಆ ಡಿಕ್ಕಿ ಹೊಡೆಯೋ ರಿಯಾಕ್ಷನ್ ಜೋರಾಗತ್ತೆ, ಆಗ ಎರಡು ಗಂಟೆ ಬದುಕತ್ತೆ ಅನ್ನೋದು ಎಲ್ಲಾ ಸಲ ಸರಿ ಬರಲ್ಲ.

ಪ್ಲಾಸ್ಮಾಪುಟ್ಟ:

ಸರಿಯಾಗಿ ಹಿಡಿದ್ರಿ. ಸೆಕೆಂಡಿಗೆ ಒಂದು ಕಿಮೀ ದಾಟೋ ಓಟ ಇದ್ದಾಗ ಅದೇ ಆಗತ್ತೆ, ಆಕ್ಸಿಜನ್ ಅಯಾನ್‌ಗಳು ಬೇಗ ನೈಟ್ರಿಕ್ ಆಕ್ಸೈಡ್ ಅಯಾನ್ ಆಗಿ ಬದಲಾಗಿ ಬೇಗ ಸಾಯತ್ತೆ. ನಾಲಿಗೆ ತುಂಡಾಗಿ ಪ್ಯಾಚ್ ಆಗೋದಕ್ಕೆ ಹೇಳೋ ಕಾರಣಗಳಲ್ಲಿ ಇದೂ ಒಂದು, ಕಾಯ್ದ ಹರಿವು ಮಧ್ಯೆ ಹಾದು ಹೋದ ಕಡೆ ಕತ್ತರಿಸಿ ಹೋಗತ್ತೆ. ನಾನು ಹಾಕಿದ 500 ಮೀಟರ್ ಲೆಕ್ಕ ಸಾಧಾರಣ ದಿನದ್ದು.

ರೇಡಿಯೋಕಿವಿ:

ಅಬ್ಬಾ, ಪಕ್ಕದಿಂದ ಬರತ್ತೆ ಅನ್ನೋದು ಹೊಳೆದೇ ಇರ್ಲಿಲ್ಲ. ಹಾಗಾದ್ರೆ ಟ್ರೋಮ್ಸೋದ ನಡುರಾತ್ರಿ ಇ ಲೇಯರ್ ಹರಿದು ಬಂದಿದ್ದಲ್ಲ, ನಿಮಿಷಗಳಲ್ಲಿ ಸಾಯೋದು ಅಲ್ಲಿ ತನಕ ಬರೋಕೆ ಆಗಲ್ಲ. ಅಂದ್ರೆ ಅಲ್ಲೇ ಹುಟ್ತಿದೆ?

ಕೀ_ಡೌನ್:

ಅಲ್ಲೇ, ಆಗಲೇ, ತಲೆ ಮೇಲೇ ಹುಟ್ತಿದೆ. ಧ್ರುವದ ಕಡೆ ಆಕಾಶದಲ್ಲಿ ಆಡೋ ಬೆಳಕು, ಅರೋರಾ ಅಂತ ಎಲ್ಲರೂ ಫೋಟೋ ತೆಗೀತಾರಲ್ಲ, ಅದನ್ನ ಮಾಡೋ ಎಲೆಕ್ಟ್ರಾನ್‌ಗಳೇ ಇದನ್ನೂ ಮಾಡತ್ತೆ. ಮ್ಯಾಗ್ನೆಟೋಸ್ಫಿಯರ್‌ನಿಂದ (ಭೂಮಿಯ ಮ್ಯಾಗ್ನೆಟಿಕ್ ಫೀಲ್ಡ್ ಹಿಡಿತದಲ್ಲಿರೋ ಜಾಗ) ಸುರಿಯೋ ಎಲೆಕ್ಟ್ರಾನ್‌ಗಳ ಎನರ್ಜಿ ನೋಡಿದ್ರೆ ಯಾವ ಎತ್ತರದಲ್ಲಿ ಬ್ರೇಕ್ ಬೀಳತ್ತೆ ಅಂತ ಹೇಳ್ಬಹುದು, 1 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಇದ್ರೆ 150 ಕಿಮೀ ಆಸುಪಾಸು ನಿಲ್ಲತ್ತೆ, 10 ಇದ್ರೆ 100 ಕಿಮೀ ತನಕ ಇಳಿಯತ್ತೆ, 100 ಇದ್ರೆ ಇನ್ನೂ ಕೆಳಗೆ 80 ಕಿಮೀ ಒಳಗೆ ಬಂದು ಡಿ ಲೇಯರ್ ಜಾಗಕ್ಕೆ ಕೈ ಹಾಕತ್ತೆ. ಹಸಿರು ಅರೋರಾ, ಅದೇ 557.7 ನ್ಯಾನೋಮೀಟರ್‌ದು, ಬಹುಪಾಲು 100ರಿಂದ 120 ಕಿಮೀನಲ್ಲಿ ಇರೋದಕ್ಕೆ ಕಾರಣ ಅದೇ, ಅಲ್ಲೇ ನಿಮ್ಮ ಇ ಲೇಯರ್ ಕೂಡ ದಪ್ಪ ಆಗೋದು. ಸುಮ್ಮನಿರೋ ರಾತ್ರಿ ಅಲ್ಲಿ ಘನ ಮೀಟರ್‌ಗೆ ಕೆಲವು ನೂರು ಕೋಟಿ ಎಲೆಕ್ಟ್ರಾನ್ ಇದ್ರೆ ಹೆಚ್ಚು, ಅರೋರಾದ ಒಳ್ಳೆ ಆರ್ಕ್ (ಕಮಾನಿನ ಥರದ ಪಟ್ಟಿ) ಒಂದು ತಲೆ ಮೇಲೆ ಬಂತು ಅಂದ್ರೆ ಹತ್ತು ಸಾವಿರ ಕೋಟಿ ದಾಟಿ, ಜೋರಿದ್ದಾಗ ಒಂದು ಲಕ್ಷ ಕೋಟಿ ಮುಟ್ಟತ್ತೆ. ಮೊದಲನೇದಕ್ಕೆ ಕ್ರಿಟಿಕಲ್ ಫ್ರೀಕ್ವೆನ್ಸಿ ಒಂದು ಮೆಗಾಹರ್ಟ್ಸೂ ಬರಲ್ಲ, ಕೊನೇದಕ್ಕೆ 9 ಮೆಗಾಹರ್ಟ್ಸ್. ನಡು ಮಧ್ಯಾಹ್ನದ ಇ ಲೇಯರ್ 3ರ ಆಸುಪಾಸು ಇರತ್ತೆ ಅಂತ ನೆನಪಿಟ್ಕೊಂಡ್ರೆ ಇದು ಎಂಥಾ ರಾತ್ರಿ ಅಂತ ಗೊತ್ತಾಗತ್ತೆ.

ಮತ್ತೆ ಅದು ಇಡೀ ರಾತ್ರಿ ಒಂದೇ ಸಮ ಇರಲ್ಲ. ಸಬ್‌ಸ್ಟಾರ್ಮ್ ಅಂತ ಬರತ್ತೆ, 1964ರಲ್ಲಿ ಅಕಾಸೋಫು ಅವರು ಅದರ ಹಂತಗಳನ್ನ ಬಿಡಿಸಿ ಬರೆದ್ರು. ಮೊದಲು ಆರ್ಕ್ ಸುಮ್ಮನೆ ದಕ್ಷಿಣಕ್ಕೆ ಜಾರ್ತಾ ಇರತ್ತೆ, ಮ್ಯಾಗ್ನೆಟಿಕ್ ನಡುರಾತ್ರಿಗೆ ಸ್ವಲ್ಪ ಮುಂಚೆ ಒಂದು ಕಡೆ ತಟ್ಟನೆ ಹೊತ್ಕೊಂಡು ಉತ್ತರಕ್ಕೂ ಪಶ್ಚಿಮಕ್ಕೂ ಹರಡತ್ತೆ, ಮ್ಯಾಗ್ನೆಟೋಮೀಟರ್‌ನಲ್ಲಿ ನೂರಾರು ನ್ಯಾನೋಟೆಸ್ಲಾ ಧುಮುಕತ್ತೆ ಯಾಕಂದ್ರೆ ಈಗ ಇ ಲೇಯರ್ ಕರೆಂಟ್ ಹರಿಯೋ ಅಷ್ಟು ದಪ್ಪ ಆಗಿದೆ, ಎಲೆಕ್ಟ್ರೋಜೆಟ್ ಹರಿಯತ್ತೆ. ಎರಡು ಮೂರು ಗಂಟೆಲಿ ತಣ್ಣಗಾಗತ್ತೆ, ಕೆಲವು ರಾತ್ರಿ ಇನ್ನೊಂದು ಸುತ್ತು.

ರೇಡಿಯೋದವರಿಗೆ ಇದರ ರುಚಿ ಬೇರೆ. 144 ಮೆಗಾಹರ್ಟ್ಸ್ ಸಾಮಾನ್ಯಕ್ಕೆ ಅಯನೋಸ್ಫಿಯರ್‌ನಿಂದ ವಾಪಸ್ ಬರೋ ಫ್ರೀಕ್ವೆನ್ಸಿ ಅಲ್ಲ, ಆದ್ರೆ ಅರೋರಾ ಇದ್ದಾಗ ಆ ಇ ಲೇಯರ್‌ನಲ್ಲಿ ಫೀಲ್ಡ್ ಲೈನ್ ಉದ್ದಕ್ಕೆ ಸಾಲು ಸಾಲು ಏರುಪೇರು ಹುಟ್ಕೊಳತ್ತೆ, ಅದಕ್ಕೆ ಬಡಿದು ಸಿಗ್ನಲ್ ಚದುರಿ ಬರತ್ತೆ. ಉತ್ತರದ ಹ್ಯಾಮ್ ರೇಡಿಯೋದವರು ಮಾತಾಡ್ಬೇಕಾದ ಸ್ಟೇಷನ್ ಪೂರ್ವಕ್ಕಿದ್ರೂ ಪಶ್ಚಿಮಕ್ಕಿದ್ರೂ ಇಬ್ರೂ ಆಂಟೆನಾ ಉತ್ತರಕ್ಕೆ ತಿರುಗಿಸ್ತಾರೆ. ಮೋರ್ಸ್ ಕೇಳಿದ್ರೆ ಟೋನ್ ಇರಲ್ಲ, ಬರೀ ಬುಸ್ಸ್ ಬುಸ್ಸ್ ಅಂತ ಉಸಿರಿನ ಥರ ಡಿಟ್ ಡಾ, ಡಾಪ್ಲರ್‌ನಿಂದ ಫ್ರೀಕ್ವೆನ್ಸಿ ಹರಡಿ ಹೋಗಿರತ್ತೆ. ಎಸ್‌ಎಸ್‌ಬಿ ಅನ್ನೋ ದನಿ ಕಳಿಸೋ ವಿಧಾನದಲ್ಲಿ ಮಾತು ಗಂಟಲು ಕಟ್ಟಿದವರ ಪಿಸುಮಾತಿನ ಹಾಗೆ, ಅರ್ಧ ಊಹೆ ಮಾಡ್ಕೋಬೇಕು. ರೆಕಾರ್ಡಿಂಗ್‌ಗಳು ಸಿಗತ್ತೆ, ಕೇಳಿ ನೋಡಿ, ಒಂದ್ಸಲ ಕೇಳಿದ್ರೆ ಮರೆಯಲ್ಲ.

ನೆರಳುಗೆರೆ:

ಒಂದು ವಿಷಯ ಸೇರಿಸ್ತೀನಿ. ಟ್ರೋಮ್ಸೋದಲ್ಲಿ ಇ, ಸ್ವಾಲ್‌ಬಾರ್ಡ್‌ನಲ್ಲಿ ಪ್ಯಾಚ್ ಅಂತ ಯಾಕೆ ಬೇರೆ ಬೇರೆ ಕಂಡಿದ್ದು ಅಂದ್ರೆ ಅರೋರಾ ಓವಲ್, ಅಂದ್ರೆ ಅರೋರಾ ಬೀಳೋ ಉಂಗುರ, ಮ್ಯಾಗ್ನೆಟಿಕ್ ಅಕ್ಷಾಂಶದ (ಮ್ಯಾಗ್ನೆಟಿಕ್ ಧ್ರುವ ಇಟ್ಕೊಂಡು ಎಣಿಸಿದ್ದು) ಲೆಕ್ಕದಲ್ಲಿ ಕೂರೋದು, ಅದೂ ಮಧ್ಯಕ್ಕೆ ಸರಿಯಾಗಿ ಅಲ್ಲ, ರಾತ್ರಿ ಕಡೆಗೆ ವಾಲ್ಕೊಂಡು. ನಡುರಾತ್ರಿ ಕಡೆ ಸಾಧಾರಣಕ್ಕೆ 65–70 ಡಿಗ್ರಿ, ಮಧ್ಯಾಹ್ನದ ಕಡೆ 75 ದಾಟಿ. ಟ್ರೋಮ್ಸೋ ಮ್ಯಾಗ್ನೆಟಿಕ್ ಅಕ್ಷಾಂಶ 66–67, ರಾತ್ರಿ ಓವಲ್ ಕೆಳಗೇ ಬರತ್ತೆ. ಲಾಂಗ್‌ಯರ್‌ಬೈನ್ 75ರ ಆಸುಪಾಸು, ರಾತ್ರಿ ಅದು ಓವಲ್ ಒಳಗಿನ ಪೋಲಾರ್ ಕ್ಯಾಪ್‌ನಲ್ಲಿರತ್ತೆ, ಮಧ್ಯಾಹ್ನ ಓವಲ್ ಕೆಳಗೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನವೂ ಕತ್ತಲೆ ಇರೋದ್ರಿಂದ ಹಗಲಿನ ಅರೋರಾವನ್ನ ನೆಲದಿಂದ ನೋಡೋಕೆ ಆಗೋ ಕೆಲವೇ ಜಾಗಗಳಲ್ಲಿ ಅದೊಂದು, ಅಲ್ಲಿ ಸುರಿಯೋ ಎಲೆಕ್ಟ್ರಾನ್‌ಗಳು ಮೆತ್ತಗಿನವು, 200 ಕಿಮೀ ಮೇಲೇ ನಿಂತು ಕೆಂಪು ಜಾಸ್ತಿ ಕೊಡತ್ತೆ, ಎಫ್ ಲೇಯರ್‌ಗೆ ಅದೂ ಒಂದಿಷ್ಟು ಕೂಡ್ಸತ್ತೆ.

ಬಿಸಿಲು ಭೂಗೋಳದ ಅಕ್ಷಾಂಶ ನೋಡ್ಕೊಂಡು ಬರತ್ತೆ, ಎಲೆಕ್ಟ್ರಾನ್ ಮಳೆ ಮ್ಯಾಗ್ನೆಟಿಕ್ ಅಕ್ಷಾಂಶ ನೋಡ್ಕೊಂಡು ಬರತ್ತೆ. ಕೆನಡಾದ ಚರ್ಚಿಲ್ ಭೂಪಟದಲ್ಲಿ 59 ಡಿಗ್ರಿ ಅಷ್ಟೇ, ಆದ್ರೆ ಮ್ಯಾಗ್ನೆಟಿಕ್ ಲೆಕ್ಕದಲ್ಲಿ ಟ್ರೋಮ್ಸೋಗೆ ಏನೂ ಕಮ್ಮಿ ಇಲ್ಲ. ಹಾಗಾಗಿ ಅಲ್ಲಿ ಚಳಿಗಾಲದಲ್ಲೂ ದಿನಾ ಸೂರ್ಯ ಹುಟ್ತಾನೆ, ರಾತ್ರಿ ಅರೋರಾ ಇ ಕೂಡ ಬರತ್ತೆ. ಎರಡು ಊರಿನ ರಾತ್ರಿ ಹೋಲಿಸೋ ಮುಂಚೆ ಈ ಎರಡೂ ಅಕ್ಷಾಂಶ ಬರ್ಕೊಳಿ, ಅರ್ಧ ಗೊಂದಲ ಅಲ್ಲೇ ಹೋಗತ್ತೆ. ದಕ್ಷಿಣದಲ್ಲಿ ಭೂಗೋಳದ ಧ್ರುವಕ್ಕೂ ಮ್ಯಾಗ್ನೆಟಿಕ್ ಧ್ರುವಕ್ಕೂ ಅಂತರ ಇನ್ನೂ ಜಾಸ್ತಿ, 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದಕ್ಷಿಣ ಧ್ರುವದಲ್ಲೇ ಅಯನೋಸೋಂಡ್ ಇಟ್ಟಾಗ, ಅಲ್ಲಿ ಸೂರ್ಯನ ಎತ್ತರ ದಿನ ಪೂರ್ತಿ ಬದಲಾಗಲ್ಲ, ಆದ್ರೂ ಆರು ತಿಂಗಳ ಕತ್ತಲಲ್ಲಿ ಎಫ್ ಲೇಯರ್ ಉಳಿದಿತ್ತು, ಜೊತೆಗೆ ದಿನಕ್ಕೊಂದು ಏರಿಳಿತ ಬೇರೆ. ಮ್ಯಾಗ್ನೆಟಿಕ್ ಗಡಿಯಾರದ ಕೈಚಳಕ.

ಕಡಲಂಚು:

ಇಷ್ಟು ಹೊತ್ತು ಬರೀ ಓದ್ತಿದ್ದೆ. ಓವಲ್‌ನ ದಕ್ಷಿಣಕ್ಕೆ ಏನಾಗತ್ತೆ ಅಂತ ಯಾರೂ ಹೇಳ್ಲಿಲ್ಲ, ನನಗೆ ಅದೇ ಎಲ್ಲಕ್ಕಿಂತ ಕುತೂಹಲ. ಓವಲ್‌ನ ಅಂಚಿಗೆ ಒತ್ತಿಕೊಂಡು ರಾತ್ರಿ ಹೊತ್ತು ಒಂದು ಉದ್ದ ಹಳ್ಳ ಬೀಳತ್ತೆ, ಟ್ರಫ್ ಅಂತಾರೆ. ಕೆನಡಾದ ಅಲೂಯೆಟ್ 1 ಸ್ಯಾಟಲೈಟು, 1962ರ ಸೆಪ್ಟೆಂಬರ್‌ನಲ್ಲಿ ಹೋಗಿದ್ದು, ಮೇಲಿಂದ ಕೆಳಕ್ಕೆ ಸೌಂಡಿಂಗ್ ಮಾಡಿದಾಗ ಇದು ಚೆನ್ನಾಗಿ ಕಂಡಿದ್ದು.

ಕಾರಣ ತಮಾಷೆಯಾಗಿದೆ. ಸಂಜೆ ಬದಿಯಲ್ಲಿ @ಪ್ಲಾಸ್ಮಾಪುಟ್ಟ ಹೇಳಿದ ಸುಳಿಯ ವಾಪಸ್ ಹರಿವು ಪಶ್ಚಿಮಕ್ಕೆ. ಭೂಮಿ ಜೊತೆ ಸುತ್ತೋ ಚಲನೆ ಪೂರ್ವಕ್ಕೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದು ಸೆಕೆಂಡಿಗೆ 230 ಮೀಟರ್ ಚಿಲ್ಲರೆ. ಎರಡೂ ಒಂದನ್ನೊಂದು ಹೊಡೆದು ಹಾಕೋ ಕಡೆ ಪ್ಲಾಸ್ಮಾ ಎಲ್ಲಿಗೂ ಹೋಗದೆ ಕತ್ತಲಲ್ಲೇ ನಿಂತ್ಬಿಡತ್ತೆ. ಬಿಸಿಲಿಗೂ ಹೋಗಲ್ಲ, ಅರೋರಾ ಮಳೆಯೂ ಅಲ್ಲಿಗೆ ಬೀಳಲ್ಲ, ಹಾಗಾಗಿ ಗಂಟೆಗಟ್ಟಲೆ ಸುಮ್ಮನೆ ಕರಗ್ತಾ ಕೂರತ್ತೆ. ಪುಸ್ತಕದಲ್ಲಿ ಹೇಳೋ ರಾತ್ರಿ, ಅದೇ ಬೆಳಕು ಹೋದ್ಮೇಲೆ ನಿಧಾನಕ್ಕೆ ಸಾಯೋ ಲೇಯರ್, ಅದರ ಶುದ್ಧ ರೂಪ ಬೇಕಂದ್ರೆ ಅಲ್ಲಿ ಹೋಗಿ ನೋಡ್ಬೇಕು, ಧ್ರುವದಲ್ಲಿ ಅಲ್ಲ. ಉತ್ತರದ ಗೋಡೆ ಕಡಿದಾಗಿ ಇರತ್ತೆ, ಅದು ಓವಲ್‌ನ ಅಂಚು. ರಾತ್ರಿ ಕಳೀತಾ ಮತ್ತು ಮ್ಯಾಗ್ನೆಟಿಕ್ ಗಲಾಟೆ ಜಾಸ್ತಿ ಆಗ್ತಾ ಇಡೀ ಹಳ್ಳವೇ ದಕ್ಷಿಣಕ್ಕೆ ಸರಿಯತ್ತೆ.

ಶಾರ್ಟ್‌ವೇವ್‌ಗೆ ಇದರಿಂದ ಕಿರಿಕಿರಿ ಎರಡು ಥರ. ನಿಮ್ಮ ದಾರಿಯ ಮಧ್ಯದ ಬಿಂದು ಟ್ರಫ್ ಕೆಳಗೆ ಬಂದ್ರೆ ಸಂಜೆ ಕೆಲಸ ಮಾಡ್ತಿದ್ದ ಫ್ರೀಕ್ವೆನ್ಸಿ ಆಕಾಶ ತೂರಿ ಹೊರಟೋಗತ್ತೆ. ಇಲ್ಲಾಂದ್ರೆ ಸಿಗ್ನಲ್ಲು ಆ ಗೋಡೆಗೋ ಯಾವುದೋ ಪ್ಯಾಚಿಗೋ ತಾಗಿ ನೇರ ದಾರಿ ಬಿಟ್ಟು ಹತ್ತಾರು ಡಿಗ್ರಿ ಪಕ್ಕದಿಂದ ಬರತ್ತೆ, ದಿಕ್ಕು ಹುಡುಕೋ ಆಂಟೆನಾ ಇಟ್ಕೊಂಡವರು ತಲೆ ಕೆರ್ಕೋತಾರೆ.

ರೇಡಿಯೋಕಿವಿ:

ಇದನ್ನ ಯಾವ ಪುಸ್ತಕವೂ ಹೀಗೆ ಹೇಳ್ಲಿಲ್ಲ. ಉಳಿದಿದ್ದು ಖಾಲಿ ಹಾಳೆ. ಟ್ರಫ್ ಅಂದ್ರೂ ಕೆಳಗಿನ ಫ್ರೀಕ್ವೆನ್ಸಿಲಿ ಸಣ್ಣದೊಂದು ಗೆರೆ ಆದ್ರೂ ಇರ್ಬೇಕಲ್ವಾ? ನಾನು ನೋಡಿದ್ದರಲ್ಲಿ ಅದೂ ಇಲ್ಲ, ಸತತ ಗಂಟೆಗಟ್ಟಲೆ.

ಕೀ_ಡೌನ್:

ಗಂಟೆಗಟ್ಟಲೆ ಪೂರ್ತಿ ಖಾಲಿ ಅಂದ್ರೆ ಹೆಚ್ಚಿನ ಸಲ ಅಬ್ಸಾರ್ಪ್ಶನ್, ಅಂದ್ರೆ ಸಿಗ್ನಲ್ ಹೋಗೋವಾಗ ಒಂದ್ಸಲ ಬರೋವಾಗ ಒಂದ್ಸಲ ಡಿ ಲೇಯರ್‌ನಲ್ಲಿ ಸಾಯ್ತಿದೆ. ರಾತ್ರಿ ಡಿ ಲೇಯರ್ ಇರಲ್ಲ ಅನ್ನೋದು ಬಿಸಿಲಿನ ಡಿ ಲೇಯರ್‌ಗೆ ಮಾತ್ರ. ಮೇಲೆ ಹೇಳಿದ ಹಾಗೆ 30 ಕಿಲೋ ಎಲೆಕ್ಟ್ರಾನ್‌ವೋಲ್ಟ್ ದಾಟಿದ ಎಲೆಕ್ಟ್ರಾನ್‌ಗಳು ಬಂದ್ರೆ ಕತ್ತಲಲ್ಲೂ ಡಿ ತಯಾರು. ಸಬ್‌ಸ್ಟಾರ್ಮ್‌ನಲ್ಲಿ ಒಳಕ್ಕೆ ತೂರಿ ಬಂದ ಎಲೆಕ್ಟ್ರಾನ್‌ಗಳು ಭೂಮಿ ಸುತ್ತ ಪೂರ್ವಕ್ಕೆ ತೇಲ್ತಾ ದಾರಿ ಉದ್ದಕ್ಕೂ ಸುರೀತಾ ಹೋಗತ್ತೆ, ಅದಕ್ಕೆ ಈ ಥರದ ಅಬ್ಸಾರ್ಪ್ಶನ್ ಜೋರಾಗೋದು ನಡುರಾತ್ರಿಗಿಂತ ಮ್ಯಾಗ್ನೆಟಿಕ್ ಬೆಳಗಿನ ಹೊತ್ತು. ಪಕ್ಕದಲ್ಲಿ ರಿಯೋಮೀಟರ್ ಡೇಟಾ ಇದ್ಯಾ ನೋಡಿ, ಅದು 30 ಮೆಗಾಹರ್ಟ್ಸ್ ಆಸುಪಾಸು ಆಕಾಶಗಂಗೆಯ ಗುಯ್‌ಗುಡುವಿಕೆಯನ್ನ ಸುಮ್ಮನೆ ಕೇಳ್ತಾ ಕೂರೋ ರಿಸೀವರ್. ಗುಯ್‌ಗುಡೋದು ಎಷ್ಟು ಡೆಸಿಬೆಲ್ ಇಳೀತೋ ಅಷ್ಟು ಮಧ್ಯದಲ್ಲಿ ನುಂಗಿ ಹೋಯ್ತು ಅಂತ.

ಸ್ವಾಲ್‌ಬಾರ್ಡ್ ಅಂಥ ಪೋಲಾರ್ ಕ್ಯಾಪ್ ಜಾಗದಲ್ಲಿ ದಿನಗಟ್ಟಲೆ ಖಾಲಿ ಇದ್ರೆ ಮಾತ್ರ ಅದು ಬೇರೆ, ಸೂರ್ಯನಿಂದ ಬರೋ ಪ್ರೋಟಾನ್. ಅದಕ್ಕೆ ಒಂದು ವಿಚಿತ್ರ ಗುಣ ಇದೆ. ಪ್ರೋಟಾನ್ ಸುರಿಯೋದು ಹಗಲು ರಾತ್ರಿ ಒಂದೇ ಸಮ ಇದ್ರೂ ಅಬ್ಸಾರ್ಪ್ಶನ್ ರಾತ್ರಿ ಹಲವು ಪಟ್ಟು ಕಮ್ಮಿ. 70–80 ಕಿಮೀ ಕೆಳಗೆ ಗಾಳಿ ದಟ್ಟ, ಕತ್ತಲಲ್ಲಿ ಎಲೆಕ್ಟ್ರಾನ್‌ಗಳು ಹೋಗಿ ಆಕ್ಸಿಜನ್ ಮಾಲಿಕ್ಯೂಲ್‌ಗೆ ಅಂಟ್ಕೊಂಡು ನೆಗೆಟಿವ್ ಅಯಾನ್ ಆಗ್ಬಿಡತ್ತೆ, ಅಷ್ಟು ಭಾರದ್ದು ರೇಡಿಯೋ ಅಲೆಗೆ ಕುಣಿಯಲ್ಲ, ಹಾಗಾಗಿ ಹೀರ್ಕೊಳಲ್ಲ. ಬೆಳಕು ಬಿತ್ತು ಅಂದ್ರೆ ಎಲೆಕ್ಟ್ರಾನ್ ಬಿಡಿಸ್ಕೊಂಡು ಮತ್ತೆ ಶುರು. ಧ್ರುವದ ಮೇಲೆ ಹಾರೋ ವಿಮಾನಗಳಿಗೆ 82 ಡಿಗ್ರಿ ಉತ್ತರ ದಾಟಿದ್ರೆ ಸಮಭಾಜಕದ ಮೇಲಿರೋ ಸ್ಯಾಟಲೈಟ್ ಸರಿಯಾಗಿ ಸಿಗಲ್ಲ, ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋ ಬೇಕು, ಅದಕ್ಕೆ ಪ್ರೋಟಾನ್ ಜಾಸ್ತಿ ಇರೋ ದಿನ ದಾರಿಯನ್ನೇ ಬದಲಿಸ್ತಾರೆ.

ರೇಡಿಯೋಕಿವಿ:

ಅಂದ್ರೆ ಪ್ಲಾಟ್ ತೆಗೆದಾಗ ಪಕ್ಕದಲ್ಲಿ ಏನೇನು ತೆರೆದಿಟ್ಕೋಬೇಕು? ಮ್ಯಾಗ್ನೆಟಿಕ್ ಗಲಾಟೆ ಎಷ್ಟು ಅಂತ ಹೇಳೋ ಕೆಪಿ ಅಂಕಿ ಸಾಕಾ?

ಪ್ಲಾಸ್ಮಾಪುಟ್ಟ:

ಕೆಪಿ ಇದಕ್ಕೆ ಮೊಂಡು ಚಾಕು. ಮೂರು ಗಂಟೆಗೊಂದು ಅಂಕಿ, ಅದೂ ಮಧ್ಯ ಅಕ್ಷಾಂಶದ 13 ವೀಕ್ಷಣಾಲಯದ್ದು. ಓವಲ್ ಎಷ್ಟು ದಕ್ಷಿಣಕ್ಕೆ ಬಂದಿದೆ, ಟ್ರಫ್ ಎಲ್ಲಿದೆ ಅನ್ನೋ ಅಂದಾಜಿಗೆ ಓಕೆ, 12 ನಿಮಿಷದ ಪ್ಯಾಚಿಗೆ ಏನೂ ಹೇಳಲ್ಲ. ಬಿಝಡ್ ನೋಡಿ, ಅದನ್ನ ಅಳೆಯೋದು ನಮ್ಮಿಂದ 15 ಲಕ್ಷ ಕಿಮೀ ಮುಂದೆ, ಅಲ್ಲಿಂದ ಇಲ್ಲಿಗೆ ಬರೋಕೆ ಅರ್ಧದಿಂದ ಒಂದು ಗಂಟೆ, ಮೈನಸ್ ಆಗಿ ಸ್ವಲ್ಪ ಹೊತ್ತಿನ ಮೇಲೆ ಪ್ಯಾಚ್ ಮೆರವಣಿಗೆ ಶುರು ಆಗ್ಬೇಕು. ಪ್ಲಸ್ ಆಗಿ ಹಾಗೇ ನಿಂತ್ರೆ ಪ್ಯಾಚ್ ಬದಲು ಸೂರ್ಯನ ಕಡೆಗೆ ಉದ್ದಕ್ಕೆ ಎಳೆದ ತೆಳು ಆರ್ಕ್‌ಗಳು ಪೋಲಾರ್ ಕ್ಯಾಪ್‌ನಲ್ಲಿ ಕಾಣ್ಬಹುದು. ಟ್ರೋಮ್ಸೋ ಇ ಲೇಯರ್‌ಗೆ ಎಇ ಇಂಡೆಕ್ಸ್ (ಎಲೆಕ್ಟ್ರೋಜೆಟ್ ಎಷ್ಟು ಜೋರು ಅನ್ನೋ ಅಂಕಿ), ಅಥವಾ ಅಲ್ಲಿನ ಮ್ಯಾಗ್ನೆಟೋಮೀಟರ್ ಗೆರೆ ನೇರವಾಗಿ ನೋಡೋದು ಇನ್ನೂ ಒಳ್ಳೇದು. ಖಾಲಿ ಹಾಳೆಗೆ ಪ್ರೋಟಾನ್ ಫ್ಲಕ್ಸ್, ರಿಯೋಮೀಟರ್. ಮತ್ತೆ ಟೈಮ್ ಅಕ್ಷವನ್ನ ಮ್ಯಾಗ್ನೆಟಿಕ್ ಟೈಮಿಗೆ ಬದಲಿಸ್ಕೊಳಿ, ಸ್ವಾಲ್‌ಬಾರ್ಡ್‌ಗೆ ಯುಟಿ (ಗ್ರೀನ್‌ವಿಚ್ ಟೈಮ್) ಜೊತೆ ಸುಮಾರು 3 ಗಂಟೆ ಕೂಡಿಸಿದ್ರೆ ಬರತ್ತೆ, ಅಂದ್ರೆ ಅಲ್ಲಿ ಮ್ಯಾಗ್ನೆಟಿಕ್ ನಡುರಾತ್ರಿ ಯುಟಿ 21ರ ಹೊತ್ತಿಗೇ ಆಗೋಗಿರತ್ತೆ.

ರೇಡಿಯೋಕಿವಿ:

ಈಗಷ್ಟೇ ಒಂದು ರಾತ್ರಿದು ಹಾಕಿ ನೋಡ್ದೆ. ಬಿಝಡ್ ಮೈನಸ್ ಆಗಿದ್ದು ಯುಟಿ 17ರ ಸುಮಾರಿಗೆ, ಮೊದಲನೇ ಜಿಗಿತ 19 ದಾಟಿದ ಮೇಲೆ. ಸೌರಮಾರುತ ಬರೋ ಹೊತ್ತು ಕಳೆದ್ರೂ ಇನ್ನೂ ಒಂದು ಗಂಟೆ ಮೇಲೆ ಉಳಿಯತ್ತೆ, ಅದು ಧ್ರುವ ದಾಟೋ ಹೊತ್ತಾ?

ಪ್ಲಾಸ್ಮಾಪುಟ್ಟ:

ಹೆಚ್ಚುಕಮ್ಮಿ ಅದೇ. ಹರಿವು ವೇಗ ಹಿಡಿಯೋಕೂ ಒಂದಿಷ್ಟು ನಿಮಿಷ ಬೇಕು, ಅದನ್ನೂ ಕಳೀರಿ. ಸೂಪರ್‌ಡಾರ್ನ್ ರಾಡಾರ್‌ನ ಕನ್ವೆಕ್ಷನ್ (ಪ್ಲಾಸ್ಮಾ ಹರಿವಿನ) ಮ್ಯಾಪ್ ಅದೇ ಹೊತ್ತಿಂದು ತೆಗೆದು ವೇಗ ಎಷ್ಟಿತ್ತು ನೋಡಿ, ಹಿಂದಕ್ಕೆ ಲೆಕ್ಕ ಹಾಕಿದ್ರೆ ಆ ತುಂಡು ಹಗಲಿನ ಕಡೆ ಎಲ್ಲಿಂದ ಹೊರಟಿತ್ತು ಅಂತಾನೂ ಸಿಗತ್ತೆ. ಸಿಕ್ಕಿದ್ರೆ ಪ್ಲಾಟ್ ಇಲ್ಲೇ ಹಾಕಿ.